ಕಾಲು ತಗದ್ರೂ ರೇಸ್ ಇಳೀಲಿಲ್ಲ: ಕಟ್ಟಿಸಂಗಾವಿ ಸೇತುವೆ ಬಲ್ಲಿ ನಡದದ್ದು

ಫರಹತಾಬಾದ್ ದಾರಿ
ಸೋಮವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ್ರಿ. ನಾನು ಕಲಬುರಗಿಯಿಂದ ಜೇವರ್ಗಿ ಕಡಿ ಒಂದು ಸರ್ಕಾರಿ ಶಾಲಿಗೆ ದಿನಾ ಗಾಡಿ ತೊಗೊಂಡು ಹೋಗಿ ಬರ್ತೀನಿ. ನಮ್ದು 2007ರ ಸಣ್ಣ ಪೆಟ್ರೋಲ್ ಕಾರು, ಮೂರು ಸಿಲಿಂಡರ್, ಎಕ್ಸಲೇಟರ್ ವೈರಿನ ಮ್ಯಾಲ ನಡಿಯೋದು. ಇವತ್ತು ಮುಂಜಾನಿ ಆದದ್ದು ಬರೀಲಾಕತ್ತೀನಿ, ಇನ್ನೂ ಎದಿ ಹೊಡ್ಕೊಳ್ಳಾದು ನಿಂತಿಲ್ಲ.

ಫರಹತಾಬಾದ್ ದಾಟಿದ ಮ್ಯಾಲ ಮುಂದ ತೊಗರಿ ಚೀಲದ ಟ್ರ್ಯಾಕ್ಟರ್ ಹೊಂಟಿತ್ತು. ಎದುರಿಗಿ ರಸ್ತಾ ಖಾಲಿ ಇತ್ತು ಅಂತ ಮೂರನೇ ಗೇರಿಗಿ ಹಾಕಿ ಎಕ್ಸಲೇಟರ್ ಪೂರಾ ತುಳದೆ. ಟ್ರ್ಯಾಕ್ಟರ್ ದಾಟ್ತು, ಕಾಲು ತಗದೆ. ಗಾಡಿ ಹಂಗೇ ಓಡ್ಲಾಕತ್ತದ. ಬ್ರೇಕ್ ಒತ್ತಿದ್ರ ಜರಾ ತಡೀತದ, ಸಡಿಲ ಬಿಟ್ರ ಮತ್ತ ಎಳೀತದ. ಮುಂದ ಭೀಮಾ ನದಿ ಸೇತುವೆ ಕಾಣ್ಲಾಕತ್ತಿತ್ತು. ಕ್ಲಚ್ ತುಳದೆ. ಎಂಜಿನ್ ಚೀರಿದ ಸಪ್ಪಳಕ್ಕ ಬಾಜೂಕ ಕುಂತ ಟೀಚರ್ ನನ್ನ ರಟ್ಟಿ ಹಿಡಕೊಂಡ್ರು. ನ್ಯೂಟ್ರಲ್ ಮಾಡಿ, ಬ್ರೇಕ್ ಗಟ್ಟಿ ಹಿಡದು, ಎಡಕ್ಕ ಮಣ್ಣಿಗಿ ಇಳಿಸಿ ನಿಲ್ಲಿಸಿದೆ. ನಿಂತ ಮ್ಯಾಲ ಚಾವಿ ತಿರುವಿ ಬಂದ್ ಮಾಡಿದೆ. ಆಮ್ಯಾಲ ಕೆಳಗ ಬಗ್ಗಿ ಪೆಡಲ್ ಮ್ಯಾಲಕ ಎತ್ತಿದ್ರ ಟಕ್ ಅಂತ ಬಿಟ್ಟು ಬಂತು.

ಎರಡು ತಿಂಗಳ ಹಿಂದ ಪೆಡಲ್ ನಿಧಾನ ವಾಪಸ್ ಬರ್ತದ ಅಂತ ಒಬ್ಬ ಮಿಸ್ತ್ರಿ ಬಲ್ಲಿ ತೋರಿಸಿದ್ದೆ. ಬಾನೆಟ್ ಒಳಗ ಇನ್ನೊಂದು ಸ್ಪ್ರಿಂಗ್ ಕಟ್ಟಿ, ಗ್ರೀಸ್ ಹಚ್ಚಿ 200 ರೂಪಾಯಿ ತೊಗೊಂಡ್ರು. ಅವತ್ತಿನಿಂದ ಪೆಡಲ್ ಬಿಗಿ ಆಗ್ಯದ, ಆದ್ರ ವಾಪಸ್ ಬರ್ತಿತ್ತು.

ಮನ್ಯಾಗ ನಮ್ಮವರು "ಕ್ಲಚ್ ತುಳೀಬಾರದಿತ್ತು, ಎಂಜಿನ್ ಹೋಗ್ತಿತ್ತು" ಅಂತಾರ. ಖರೇ ಏನ್ರಿ? ಮತ್ತ ಇದು ಯಾಕ ಆಯ್ತು? ರಿಪೇರಿ ಆಗೋ ತನಕ ನಾನು ಬಸ್ಸಿಗೇ ಹೋಗಾಕಿ.


ಬೀದರ ಮೇಷ್ಟ್ರು
ಸೋಮವಾರ, ರಾತ್ರಿ 10:05

ಮೇಡಂ, ನೀವು ಮಾಡಿದ್ದು ಸರಿ. ಮನೆಯವರಿಗೂ ಇದನ್ನು ಓದಿಸಿ. ಎಂಜಿನ್ ಹೋದರೆ ಇನ್ನೊಂದು ಕೂರಿಸಬಹುದು. ನಿಮ್ಮದು ಇಂಜೆಕ್ಷನ್ ಗಾಡಿ (ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಬಿಡುವಂಥದ್ದು) ಆಗಿದ್ದರೆ ಎಂಜಿನ್ ತಿರುಗುವ ವೇಗ, ಅಂದರೆ ಆರ್‌ಪಿಎಂ, ಮಿತಿ ಮೀರಿದಾಗ ಕಂಪ್ಯೂಟರೇ ಪೆಟ್ರೋಲ್ ಕಡಿತ ಮಾಡುತ್ತೆ, ಅರ್ಧ ನಿಮಿಷ ಚೀರಿದ ಮಾತ್ರಕ್ಕೆ ಎಂಜಿನ್ ಮುರಿಯೋದಿಲ್ಲ. ಹಳೆಯ ಕಾರ್ಬುರೇಟರ್ ಗಾಡಿಗಳಿಗೆ ಆ ರಕ್ಷಣೆ ಸಾಮಾನ್ಯವಾಗಿ ಇಲ್ಲ, ಆದರೂ ಮೊದಲು ಕ್ಲಚ್ಚೇ.

ಬ್ರೇಕ್ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಬಿಡಿಸಿ ಹೇಳ್ತೀನಿ. ಪೆಟ್ರೋಲ್ ಗಾಡಿಯ ಬ್ರೇಕಿಗೆ ಬಲ ತುಂಬೋದು ಎಂಜಿನ್ ಎಳೆಯುವ ಗಾಳಿಯಿಂದ ಹುಟ್ಟುವ ನಿರ್ವಾತ. ಥ್ರಾಟಲ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯ ದಾರಿಯಲ್ಲಿರುವ ತಟ್ಟೆ, ಮುಚ್ಚಿದಷ್ಟೂ ನಿರ್ವಾತ ಹೆಚ್ಚು, ಪೂರ್ತಿ ತೆರೆದಾಗ ಅದು ಇಲ್ಲವೆನ್ನುವಷ್ಟು ಕಡಿಮೆ. ಆ ನಿರ್ವಾತ ಹಿಡಿದಿಡುವ ಬೂಸ್ಟರ್ ಡಬ್ಬಿಯಲ್ಲಿ ಉಳಿದದ್ದು ಒಂದೆರಡು ಒತ್ತಿಗೆ ಮಾತ್ರ ಬರುತ್ತೆ. ಗಾಬರಿಯಲ್ಲಿ ಬ್ರೇಕ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಮೂರನೇ ಸಲಕ್ಕೆ ಪೆಡಲ್ ಕಲ್ಲಾಗುತ್ತೆ. ನೀವು ಮೊದಲೊಮ್ಮೆ ಸಡಿಲ ಬಿಟ್ಟಿದ್ದು ಬಿಟ್ಟರೆ, ಕೊನೆಗೆ ಗಟ್ಟಿಯಾಗಿ ಹಿಡಿದೇ ನಿಲ್ಲಿಸಿದ್ದೀರಿ. ಹಾಗೇ ಮಾಡಬೇಕು.

ಚಾವಿಯನ್ನು ಓಡುವಾಗ ತಿರುಗಿಸದೆ ನಿಂತ ಮೇಲೆ ತಿರುಗಿಸಿದ್ದೂ ಒಳ್ಳೆಯದೇ ಆಯಿತು. ನ್ಯೂಟ್ರಲ್ ಬೀಳದೇ ಹೋದರೆ ಓಡುವಾಗಲೇ ಬಂದ್ ಮಾಡಬೇಕಾಗಬಹುದು. ಆಗ ಒಂದೇ ಹಂತ ಹಿಂದಕ್ಕೆ ತಿರುಗಿಸಿ, ಚಾವಿ ಹೊರಗೆ ಎಳೆಯಬೇಡಿ. ಎಳೆದರೆ ಸ್ಟೇರಿಂಗ್ ಲಾಕ್ ಆಗುತ್ತೆ.


ಆಳಂದದ ಹುಡುಗ
ಸೋಮವಾರ, ರಾತ್ರಿ 10:30

ಅಕ್ಕಾರ, ನಮ್ಮ ಬೈಕಿಗಿ ಹಿಂಗೇ ಆಗಿತ್ತು. ವೈರ್ ಒಳಗ ಎಂಜಿನ್ ಆಯಿಲ್ ಬಿಟ್ರ ಒಂದೇ ದಿನಕ್ಕ ಬರೋಬ್ಬರಿ ಆಯ್ತು. ಅಂಗಡ್ಯಾಗ ಸ್ಪ್ರೇ ಸಿಗ್ತದ, ಎಲ್ಲಾ ಕಡಿ ಹೊಡ್ದು ಬಿಡ್ರಿ.


ಹತ್ತು ನಂಬರ್ ಪಾನಾ
ಸೋಮವಾರ, ರಾತ್ರಿ 11:10

ತಮ್ಮಾ, ಈಗೇ ಸ್ಪ್ರೇ ಹೊಡಿಯೋದು ಬ್ಯಾಡ. ಅಕ್ಕಾರ, ನೀವೂ ಏನೂ ಹಚ್ಚಬ್ಯಾಡ್ರಿ, ಏನೂ ಬದಲಿ ಮಾಡಿಸಬ್ಯಾಡ್ರಿ. ನಾನು ಕಲಬುರಗ್ಯಾಗ 22 ವರ್ಷದಿಂದ ಇದೇ ಕೆಲಸ ಮಾಡ್ತೀನಿ. ಇಂಥಾ ಗಾಡಿ ಬಂದ್ರ ನಾನು ಮೊದಲು ಕೇಳೋದು ಒಂದೇ ಮಾತು: ಎಲ್ಲಿ ಹಿಡಿತದ?

ಪೆಡಲ್ ಹಿಡಿಯೋದರಾಗ ಜಾತಿ ಅವ. ಮೊದಲ ಒತ್ತಿಗೇ ಬಿಗಿ ಇದ್ದು, ಜರಾ ಜೋರು ಹಾಕಿದ್ರ ಟಕ್ ಅಂತ ಬಿಟ್ಟು ಗಾಡಿ ಜಿಗಿದ್ರ ಅದು ಥ್ರಾಟಲ್ ಬಾಡಿ, ಅಂದ್ರ ಥ್ರಾಟಲ್ ತಟ್ಟಿ ಕುಂತಿರೋ ನಳಿಗಿ, ಅದರ ಒಳಗಿನ ಕಪ್ಪು ಜಿಡ್ಡು. ಒಳಗಿನ ತಟ್ಟಿ ಮುಚ್ಚಿದ ಜಾಗದಾಗೇ ಅಂಟ್ಕೊಂಡಿರ್ತದ. ನಡುವ ಯಾವುದೋ ಒಂದು ಜಾಗದಾಗ, ಪ್ರತಿ ಸಲಾ ಅದೇ ಜಾಗದಾಗ ಹಿಡದ್ರ ವೈರ್ ಮ್ಯಾಲ ಸಂಶಯ ಮಾಡ್ರಿ. ನೆಲಕ್ಕ ಹತ್ತಿದಾಗ ಮಾತ್ರ ಸಿಕ್ಕೊಂಡ್ರ ಮ್ಯಾಟ್ ನೋಡ್ರಿ. ಎಲ್ಲಾ ಕಡಿನೂ ಒಂದೇ ಸಮ ಸೋಮಾರಿ ಆಗಿ ಬಂದ್ರ ಸ್ಪ್ರಿಂಗ್ ಸೋತದ, ಇಲ್ಲಾ ಪೆಡಲಿನ ಕೀಲಿನಾಗ ತುಕ್ಕು ಹಿಡದದ.

ಪೆಡಲ್ ಪೂರಾ ಮ್ಯಾಲ ಬಂದ್ರೂ ಎಂಜಿನ್ ಸಪ್ಪಳ ಇಳೀದಿದ್ರ ಅದು ಬ್ಯಾರೆ ರೋಗ. ಎಲ್ಲೋ ಪೈಪ್ ಬಿಟ್ಟು ಗಾಳಿ ಹೊಕ್ಕಿರ್ತದ, ಇಲ್ಲಾ ಪೆಡಲ್ ಬಿಟ್ಟಾಗ ಎಂಜಿನ್ನಿಗಿ ಜರಾ ಗಾಳಿ ಕೊಡೋ ಐಡಲ್ ವಾಲ್ವ್ ತೆರಕೊಂಡು ನಿಂತಿರ್ತದ.

ನೀವು ಈಗ ಆಯಿಲ್ ಬಿಟ್ರ ನಾಕು ದಿನ ಹಗುರ ನಡೀತದ, ಗುರುತು ಅಳಿಸಿ ಹೋಗ್ತದ. ಆಮ್ಯಾಲ ನಮ್ಮ ಎರಿ ಹೊಲದ ಧೂಳು, ಸೇಡಂ ಕಡಿಯವರಿಗಾದ್ರ ಸಿಮೆಂಟ್ ಲಾರಿ ಧೂಳು, ಆ ಎಣ್ಣಿಗಿ ಕೂಡಿ ಅರದ ಮಸಾಲಿ ಆಗ್ತದ. ಈಗಿನ ಭಾಳ ವೈರಿಗಿ ಒಳಗ ನೈಲಾನ್ ನಳಿಗಿ ಇರ್ತದ, ಅದಕ್ಕ ಎಣ್ಣಿ ಬೇಕಾಗೇ ಇಲ್ಲ.

ನಾಳೆ ಎಂಜಿನ್ ಬಂದ್ ಇಟ್ಟು, ಮ್ಯಾಟ್ ಹೊರಗ ತಗದು, ಪೆಡಲ್ ಕೈಯಿಂದ ಒತ್ರಿ. ಕಾಲಿಗಿ ಗೊತ್ತಾಗದ್ದು ಕೈಗಿ ಗೊತ್ತಾಗ್ತದ. ನಿಧಾನ ಕೆಳಗ, ನಿಧಾನ ಮ್ಯಾಲ, ಹತ್ತು ಸಲ. ಎಲ್ಲಿ ಹಿಡಿತದ ಬರೀರಿ.


ಯಾದಗಿರಿ ಜೀಪ್
ಮಂಗಳವಾರ, ಮುಂಜಾನಿ 6:45

ಮ್ಯಾಟ್ ವಿಷಯ ಹಗುರ ತೊಗೋಬ್ಯಾಡ್ರಿ. ಹ್ವಾದ ಮಳಿಗಾಲದಾಗ ಕೆಸರು ಆಗ್ತದ ಅಂತ ನನ್ನ ಮಗ ಮ್ಯಾಟಿನ ಮ್ಯಾಲ ಇನ್ನೊಂದು ರಬ್ಬರ್ ಮ್ಯಾಟ್ ಹಾಸಿದ್ದ. ಶಹಾಪುರ ರಸ್ತಾದಾಗ ಮ್ಯಾಟ್ ಮುಂದಕ್ಕ ಸರದು ಪೆಡಲ್ ಅದರ ತುದಿ ಕೆಳಗ ಹೊಕ್ತು. ಎತ್ತಿನ ಬಂಡಿ ಮುಂದಿತ್ತು. ನಮ್ಮಪ್ಪನ ಪುಣ್ಯ, ಹೊಲದಾಗ ಇಳಿಸಿದೆ. ಅವತ್ತಿನಿಂದ ಡ್ರೈವರ್ ಕಡಿ ಒಂದೇ ಮ್ಯಾಟ್, ಅದೂ ಕೊಂಡಿಗಿ ಹಾಕಿದ್ದು.


ಬೀದರ ಮೇಷ್ಟ್ರು
ಮಂಗಳವಾರ, ಮುಂಜಾನಿ 8:15

ಯಾದಗಿರಿ ಅಣ್ಣಾವ್ರ ಮಾತಿಗೆ ಒಂದು ಸಾಕ್ಷಿ ಇದೆ. 2009ರಲ್ಲಿ ಅಮೆರಿಕದಲ್ಲಿ ಟೊಯೊಟಾ ಕಂಪನಿ ಇದೇ ಮ್ಯಾಟ್ ಕಾರಣಕ್ಕೆ ಲಕ್ಷಗಟ್ಟಲೆ ಗಾಡಿಗಳನ್ನು ವಾಪಸ್ ಕರೆಯಬೇಕಾಯಿತು. 2010ರ ಜನವರಿಯಲ್ಲಿ ಪೆಡಲ್ ಹಿಡಿಯುವ ದೋಷಕ್ಕೆ ಮತ್ತೊಂದು ಸುತ್ತು. ಎಲೆಕ್ಟ್ರಾನಿಕ್ಸಿನಲ್ಲೇ ದೋಷ ಇರಬೇಕು ಅನ್ನೋ ಮಾತು ಜೋರಾದಾಗ ನಾಸಾ ಎಂಜಿನಿಯರ್‌ಗಳಿಂದ ಪರೀಕ್ಷೆ ಮಾಡಿಸಿದರು. 2011ರಲ್ಲಿ ಬಂದ ವರದಿ ಅಂಥ ಎಲೆಕ್ಟ್ರಾನಿಕ್ ದೋಷ ಸಿಗಲಿಲ್ಲ ಅಂತ ಹೇಳಿತು. ಸಿಕ್ಕಿದ್ದು ಮ್ಯಾಟು ಮತ್ತು ಪೆಡಲು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಪ್ರತಿ ವರ್ಷ ಹೇಳ್ತೀನಿ, ಯಾಕಂದರೆ ಅವರು ಮೊದಲು ಸ್ಕ್ಯಾನರ್ ಕೈಗೆತ್ತಿಕೊಳ್ತಾರೆ, ಕೆಳಗೆ ಬಗ್ಗಿ ನೋಡೋದಿಲ್ಲ.


ಫರಹತಾಬಾದ್ ದಾರಿ
ಮಂಗಳವಾರ, ಸಂಜಿ 7:30

ಪಾನಾ ಅಣ್ಣಾರ, ನೀವು ಹೇಳಿದಂಗ ಮಾಡಿದೆ. ಮ್ಯಾಟ್ ತಗದು ಕೈಯಿಂದ ಒತ್ತಿದೆ. ಮೊದಲ ಒತ್ತು ಬಿಗಿ ಅದ, ಆದ್ರ ಟಕ್ ಅನ್ನಲ್ಲ. ಅರ್ಧದ ತನಕ ಒತ್ತಿ ಬಿಟ್ರ ವಾಪಸ್ ಬರ್ತದ. ಮುಕ್ಕಾಲು ಭಾಗ ದಾಟಿದ ಮ್ಯಾಲ ಬೆರಳಿಗಿ ಕರಕರ ಅಂತ ಏನೋ ತಾಗ್ತದ, ಉಸುಕಿನ ಮ್ಯಾಲ ತಂತಿ ಎಳದಂಗ. ಹತ್ತರಾಗ ನಾಕು ಸಲ ಅಲ್ಲೇ ನಿಂತ್ತು. ಪೆಡಲ್ ಅಲುಗಾಡಿಸಿದ್ರ ಬಿಡ್ತದ.


ಹತ್ತು ನಂಬರ್ ಪಾನಾ
ಮಂಗಳವಾರ, ರಾತ್ರಿ 9:50

ಕರಕರ ಅಂದ್ರಲ್ಲ, ಅದು ವೈರ್. ನೂರಕ್ಕ ತೊಂಬತ್ತು. ಉಳಿದ ಹತ್ತು ಪಾಲಿಗಿ ಇನ್ನೊಂದು ಪರೀಕ್ಷಾ ಮಾಡ್ರಿ.

ಬಾನೆಟ್ ತೆರೀರಿ. ಥ್ರಾಟಲ್ ಬಾಡಿ ಬಾಜೂಕ ಅರ್ಧಚಂದ್ರದಂಥಾ ಸಣ್ಣ ಚಕ್ರ ಅದ, ವೈರ್ ಅದರ ಮ್ಯಾಲ ಹಾಸಿ ತುದಿಯಾಗಿನ ಗುಂಡು ಒಂದು ಖಾಂಚಿನಾಗ ಕುಂತಿರ್ತದ. ಚಕ್ರ ಕೈಯಿಂದ ತಿರುವಿದ್ರ ವೈರ್ ಸಡಿಲ ಆಗ್ತದ, ಆಗ ಗುಂಡು ಬಾಜೂಕ ಸರಿಸಿ ಹೊರಗ ತಗೀರಿ. ಆ ಮಿಸ್ತ್ರಿ ಕಟ್ಟಿದ ಹೆಚ್ಚಿನ ಸ್ಪ್ರಿಂಗ್ ಸೈತ ಬಿಚ್ರಿ. ಈಗ ಬರೇ ಚಕ್ರ ತಿರುವಿ ಬಿಡ್ರಿ. ಟಪ್ ಅಂತ ಮುಚ್ಚಿದ್ರ ಥ್ರಾಟಲ್ ಬಾಡಿ ಬಚಾವ್, ತಪ್ಪು ವೈರಿಂದು ಇಲ್ಲಾ ಪೆಡಲಿಂದು. ಚಕ್ರನೇ ಹಿಡದ್ರ ವೈರಿಗಿ ರೊಕ್ಕ ಹಾಕಬ್ಯಾಡ್ರಿ.

ಕೈಯಾಗ ಉಳದ ವೈರಿನ ತುದಿ ಹಿಡದು ಎಳೀರಿ, ಇನ್ನೊಬ್ರು ಪೆಡಲ್ ಒತ್ಲಿ, ಎಲ್ಲಿ ಹಿಡಿತದ ನೋಡ್ರಿ. ಎಲ್ಲಾ ಎಂಜಿನ್ ಬಂದ್ ಇದ್ದಾಗ, ತಣ್ಣಗಿದ್ದಾಗ.


ಸೇಡಂ ರಸ್ತೆ
ಬುಧವಾರ, ಮಧ್ಯಾಹ್ನ 1:15

ನಡುವ ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನಂದು ಹೊಸಾ ಗಾಡಿ, ಬಾನೆಟ್ ಒಳಗ ಹುಡುಕಿದ್ರ ಎಕ್ಸಲೇಟರ್ ವೈರೇ ಇಲ್ಲ. ಬಟನ್ ಒತ್ತಿ ಸ್ಟಾರ್ಟ್ ಮಾಡೋದು. ಇದಕ್ಕ ಹಿಂಗಾದ್ರ ಏನ್ ಮಾಡ್ಬೇಕ್ರಿ?


ಬೀದರ ಮೇಷ್ಟ್ರು
ಬುಧವಾರ, ಸಂಜೆ 5:40

ನಿಮ್ಮ ಗಾಡಿಯಲ್ಲಿ ಪೆಡಲ್ ಅಂದರೆ ಒಂದು ಸೆನ್ಸರ್ ಮಾತ್ರ. ಎಷ್ಟು ಒತ್ತಿದ್ದೀರಿ ಅನ್ನೋದನ್ನು ಅದು ಕಂಪ್ಯೂಟರಿಗೆ ತಿಳಿಸುತ್ತೆ, ಥ್ರಾಟಲ್ ತಟ್ಟೆಯನ್ನು ತಿರುಗಿಸೋದು ಮೋಟಾರು. ಪೆಡಲ್ಲಿನಲ್ಲಿ ಎರಡು ಸೆನ್ಸರ್ ಜೋಡಿ ಇಟ್ಟಿರುತ್ತಾರೆ. ಎರಡೂ ಹೇಳುವ ಲೆಕ್ಕ ತಾಳೆ ಆಗದಿದ್ದರೆ ಕಂಪ್ಯೂಟರ್ ಎಂಜಿನ್ನಿನ ಶಕ್ತಿ ಇಳಿಸಿ, ಎಂಜಿನ್ ದೀಪ ಹಚ್ಚಿ, ಗಾಡಿ ನಿಧಾನ ಓಡುವಂತೆ ಮಾಡುತ್ತೆ. ಹಾಗಾಗಿ ಇಂಥ ಗಾಡಿಯಲ್ಲಿ ಕೆಟ್ಟಾಗ ರೇಸ್ ಏರುವುದಕ್ಕಿಂತ ಏರದೇ ಇರೋ ದೂರೇ ಹೆಚ್ಚು. ಮ್ಯಾಟ್ ಮಾತ್ರ ಇದಕ್ಕೂ ಶತ್ರು.

ರಸ್ತೆಯಲ್ಲಿ ಮಾಡೋದು ಅದೇ: ಬ್ರೇಕ್ ಗಟ್ಟಿ, ನ್ಯೂಟ್ರಲ್, ಪಕ್ಕಕ್ಕೆ. ಓಡುವಾಗ ಬಟನ್ ಒಂದು ಸಲ ಮುಟ್ಟಿದರೆ ಸಾಮಾನ್ಯವಾಗಿ ಬಂದ್ ಆಗೋದಿಲ್ಲ, ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು, ಕೆಲವು ಗಾಡಿಗೆ ಬೇಗ ಬೇಗ ಹಲವು ಸಲ ಒತ್ತಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಇದೆ, ಇವತ್ತೇ ಆ ಪುಟ ತೆಗೆದು ಓದಿ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಓದಿಸಿ.

ಇನ್ನೊಂದು: ಆ ಥ್ರಾಟಲ್ ತಟ್ಟೆಯನ್ನು ಸ್ವಚ್ಛ ಮಾಡುವಾಗ ಬೆರಳಿಂದ ತಳ್ಳಬೇಡಿ. ಇಗ್ನಿಷನ್ ಚಾಲೂ ಇದ್ದರೆ ಮೋಟಾರು ಬೆರಳನ್ನೇ ಹಿಡಿದುಬಿಡುತ್ತೆ, ಬಂದ್ ಇದ್ದರೂ ಒಳಗಿನ ಪ್ಲಾಸ್ಟಿಕ್ ಹಲ್ಲು ಸವೆಯಬಹುದು.


ಫರಹತಾಬಾದ್ ದಾರಿ
ಭಾನುವಾರ, ಮಧ್ಯಾಹ್ನ 3:20

ಇವತ್ತು ತಗದ್ವಿ. ನಮ್ಮ ಅಕ್ಕನ ಮಗ ಡಿಪ್ಲೊಮಾ ಓದ್ತಾನ, ಅವನಿಗಿ ಕರಸಿದ್ದೆ. ನಮ್ಮವರು ಪೆಡಲ್ ಒತ್ತಲಾಕ ಕುಂತ್ರು.

ಗುಂಡು ತಗದು ಚಕ್ರ ತಿರುವಿ ಬಿಟ್ಟೆ. ಟಪ್ ಅಂತ ಮುಚ್ತು. ಇಪ್ಪತ್ತು ಸಲ ಮಾಡಿದೆ, ಇಪ್ಪತ್ತು ಸಲಾನೂ ಅದೇ ಸಪ್ಪಳ. ಅಂದ್ರ ಥ್ರಾಟಲ್ ಬಾಡಿ ತಪ್ಪಿಲ್ಲ.

ಆಮ್ಯಾಲ ವೈರ್ ನೋಡಿದ್ವಿ. ಗುಂಡಿನಿಂದ ನಾಕು ಬೆರಳು ಹಿಂದ, ಕಪ್ಪು ಕವಚದ ಬಾಯಿ ಎಲ್ಲಿ ಅದನೋ ಅಲ್ಲಿ, ಗ್ರೀಸ್ ಕಪ್ಪಗ ಗಟ್ಟಿ ಆಗಿ ಕುಂತಿತ್ತು. ಚಿಂದಿಯಿಂದ ಒರಸ್ಲಾಕ ಹ್ವಾದೆ, ಬೆರಳಿಗಿ ಚುರ್ ಅಂತು. ನೋಡಿದ್ರ ರಕ್ತ. ಮೊಬೈಲ್ ಬ್ಯಾಟರಿ ಹಚ್ಚಿ ಹತ್ತಿರ ಹಿಡದ್ರ ವೈರಿನ ಮೂರು ಎಳಿ ಕಡದು ಮುಳ್ಳಿನಂಗ ಹೊರಗ ನಿಂತಾವ. ಕೂದಲಿಗಿಂತ ಜರಾ ದಪ್ಪ. ನಮ್ಮವರು ಪೆಡಲ್ ಅರ್ಧ ಒತ್ತಿದಾಗ ಆ ಮುಳ್ಳು ಕವಚದ ಹೊರಗೇ ಇರ್ತಾವ. ಮುಕ್ಕಾಲು ಒತ್ತಿದಾಗ ಮಡಚಿಕೊಂಡು ಒಳಗ ಹೋಗ್ತಾವ. ಬಿಟ್ರ ಹೊರಗ ಬರ್ಲಾಕ ಒಂದಕ್ಕೊಂದು ಅಡ್ಡ ಬಿದ್ದು ನಿಂದರ್ತಾವ. ನನ್ನ ಕಣ್ಣೆದುರಿಗೇ ನಿಂತ್ತು. ಆ ದಿನ ಟ್ರ್ಯಾಕ್ಟರ್ ದಾಟ್ಲಾಕ ಪೂರಾ ತುಳದಿದ್ದೆ, ದಿನಾ ಶಾಲಿಗಿ ಹೋಗುವಾಗ ಅರ್ಧ ದಾಟ್ತಿರಲಿಲ್ಲ. ಎರಡು ತಿಂಗಳು ಅದಕ್ಕೇ ಗೊತ್ತಾಗಿಲ್ಲ.

ಇನ್ನೊಂದು ಕಂಡದ್ದು: ವೈರಿನ ಕವಚಕ್ಕ ಒಂದು ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಾಜೂಕಿನ ಪೈಪಿಗಿ ಜಗ್ಗಿ ಕಟ್ಯಾರ. ಹ್ವಾದ ವರ್ಷ ಎ.ಸಿ. ಕೆಲಸ ಮಾಡಿಸಿದ್ವಿ, ಆಗಿಂದು ಇರಬೇಕು.


ಹತ್ತು ನಂಬರ್ ಪಾನಾ
ಭಾನುವಾರ, ಸಂಜಿ 6:00

ಅಕ್ಕಾರ, ನಿಮ್ಮ ಗಾಡಿ ರೋಗ ಆ ಟ್ಯಾಗಿನಾಗ ಅದ. ವೈರ್ ಬರೇ ಹಾಕಿದ್ರ ಹೊಸಾದೂ ವರ್ಷ ಒಪ್ಪತ್ತಿನಾಗ ಕಡೀತಿತ್ತು.

ಎಕ್ಸಲೇಟರ್ ವೈರ್ ದೊಡ್ಡ ತಿರುವಿನಾಗ ಬರಬೇಕು, ಹಾವು ಆರಾಮ ಮಲಗಿದಂಗ. ಜಗ್ಗಿ ಕಟ್ಟಿದ್ದಕ್ಕ ಕವಚದ ಬಾಯಿ ಓರಿ ಆಗ್ಯದ. ವೈರ್ ಹೋಗಿ ಬರುವಾಗ ಒಂದೇ ಅಂಚಿಗಿ ಉಜ್ಜಿ ಉಜ್ಜಿ ಎಳಿ ಕಡದಾವ. ಮೊದಲ ಎಳಿ ಕಡದಾಗ ಪೆಡಲ್ ನಿಧಾನ ಆಯ್ತು. ಆಗ ಕಟ್ಟಿದ ಹೆಚ್ಚಿನ ಸ್ಪ್ರಿಂಗ್ ಆ ಮುಳ್ಳನ್ನ ಜೋರಿನಿಂದ ಹೊರಗ ಎಳೀತಿತ್ತು, ಅದಕ್ಕ ಎರಡು ತಿಂಗಳು ನಡೀತು. ನಿಮಗ ಪೆಡಲ್ ವಾಪಸ್ ಬರ್ಲಾಕತ್ತದ ಅಂತ ಧೈರ್ಯ, ಒಳಗ ಎರಡನೇ ಎಳಿ, ಮೂರನೇ ಎಳಿ ಕಡೀಲಾಕತ್ತಾವ. ಇದನ್ನ ನೆನಸಿದ್ರ ನನಗ ಸಿಟ್ಟು ಬರ್ತದ. ನಿಧಾನ ಬರೋ ಪೆಡಲ್ ಅಂದ್ರ ಗಾಡಿ ಮೊದಲೇ ಹೇಳ್ಲಾಕತ್ತದ ಅಂತ ಅರ್ಥ. ಸ್ಪ್ರಿಂಗ್ ಕಟ್ಟೋದು ಅದರ ಬಾಯಿ ಮುಚ್ಚಿದಂಗ.

ಆ ಕಡದ ಎಳಿ ಪಕ್ಕಡಿಂದ ಕತ್ತರಿಸಿ ಮತ್ತ ಹಾಕಬ್ಯಾಡ್ರಿ. ಯಾರರ ಹಂಗ ಹೇಳಿದ್ರೂ ಬ್ಯಾಡ. ಹೊಸಾ ವೈರ್ ನಿಮ್ಮ ಗಾಡಿ ಮಾಡೆಲಿಂದೇ ತೊಗೊಳ್ರಿ, ಹಳೇದು ಬಾಜೂಕ ಇಟ್ಟು ಉದ್ದ ಅಳೀರಿ.

ಹಾಕುವಾಗ ಮೊದಲು ಪೆಡಲ್ ಕಡಿ ಗುಂಡು ಕೂಡಿಸಿ, ಡ್ಯಾಶ್ ಹಿಂದಿನ ತಗಡಿನಾಗಿನ ರಬ್ಬರ್ ಸರಿಯಾಗಿ ಕುಂತದೇನು ನೋಡ್ರಿ. ಆಮ್ಯಾಲ ಬಾನೆಟ್ ಕಡಿ. ಎರಡು ನಟ್ ಇರ್ತಾವ, ಅವುಗಳಿಂದ ಬಿಗಿ ಸಡಿಲ ಮಾಡೋದು. ವೈರ್ ಮ್ಯಾಲ ಬೆರಳಿಟ್ರ ಜರಾ ಸಡಿಲ ಇರಬೇಕು, ತಂತಿ ವಾದ್ಯದಂಗ ಬಿಗೀಬಾರದು. ಅಳತಿ ಗಾಡಿ ಪುಸ್ತಕದಾಗ ಅದ. ಒಬ್ರು ಪೆಡಲ್ ನೆಲಕ್ಕ ಹತ್ತಿಸಿದಾಗ ಚಕ್ರ ಪೂರಾ ತೆರೀಬೇಕು, ಆದ್ರ ವೈರ್ ಜಗ್ಗಬಾರದು. ಚಕ್ರದ ಬಾಜೂಕ ಒಂದು ಸಣ್ಣ ಸ್ಕ್ರೂ ಅದ, ಕಂಪನಿಯವರು ಬಣ್ಣ ಹಚ್ಚಿರ್ತಾರ. ಅದಕ್ಕ ಕೈ ಹಚ್ಚಬ್ಯಾಡ್ರಿ.

ಎಲ್ಲಾ ಆದ ಮ್ಯಾಲ ಪೆಡಲ್ ಪೂರಾ ಒತ್ತಿ ಬಿಟ್ಟು ನೋಡ್ರಿ. ಆಮ್ಯಾಲೇ ಸ್ಟಾರ್ಟ್.


ಯಾದಗಿರಿ ಜೀಪ್
ಭಾನುವಾರ, ಸಂಜಿ 7:10

ಪಾನಾ ಅಣ್ಣಾರ, ಒಂದು ಮಾತು. ನನ್ನ ಹಳೇ ಜೀಪಿನ ಕಾರ್ಬುರೇಟರಿಗಿ ಎರಡು ಸ್ಪ್ರಿಂಗ್ ಅವ, ನಮ್ಮಪ್ಪನ ಕಾಲದಿಂದ. ಎರಡನೇ ಸ್ಪ್ರಿಂಗ್ ಎಲ್ಲಾ ತಪ್ಪು ಅಂದ್ರ ಹೆಂಗ?


ಹತ್ತು ನಂಬರ್ ಪಾನಾ
ಭಾನುವಾರ, ಸಂಜಿ 7:25

ನಿಮ್ಮ ಮಾತು ಬರೋಬ್ಬರಿ ಅದ್ರಿ, ನಾನು ಬಿಡಿಸಿ ಹೇಳಬೇಕಿತ್ತು. ಗಾಡಿ ತಯಾರಾಗುವಾಗೇ ಕೊಟ್ಟ ಎರಡು ಸ್ಪ್ರಿಂಗ್ ಇರಬೇಕು, ಒಂದು ಮುರದ್ರ ಇನ್ನೊಂದು ಮುಚ್ಚಲಿ ಅಂತ ಕೊಟ್ಟಿರ್ತಾರ. ಒಂದು ಮುರದ್ರ ಅಂಥದೇ ಹಾಕ್ರಿ. ನಾನು ಬ್ಯಾಡ ಅಂದದ್ದು ಹಿಡಿಯೋ ವೈರಿಗಿ ಔಷಧ ಅಂತ ಓರಿಯಾಗಿ ಕಟ್ಟೋ ಸ್ಪ್ರಿಂಗ್.


ಆಳಂದದ ಹುಡುಗ
ಸೋಮವಾರ, ರಾತ್ರಿ 8:40

ಅಣ್ಣಾರ, ನಾ ಹೇಳಿದ್ದು ತಪ್ಪಾಯ್ತು, ಅಕ್ಕಾರ ಕ್ಷಮಸ್ರಿ. ನಮ್ಮ ಕಾಕಾರ ಗಾಡಿಗಿ ನೀವು ಹೇಳಿದ ಮೊದಲನೇ ಜಾತಿ ಅದ, ಮೊದಲ ಒತ್ತಿಗಿ ಅಂಟ್ಕೊಂಡು ಜಿಗಿತದ. ಅದಕ್ಕ ಹೆಂಗ?


ಹತ್ತು ನಂಬರ್ ಪಾನಾ
ಸೋಮವಾರ, ರಾತ್ರಿ 9:30

ಕ್ಷಮಾ ಯಾಕೋ ತಮ್ಮಾ, ಕೇಳ್ದಿ ಅಂದ್ರ ಕಲೀತಿ.

ವೈರಿನ ಥ್ರಾಟಲ್ ಇದ್ರ ಹಿಂಗ ಮಾಡು. ಎಂಜಿನ್ ತಣ್ಣಗಾಗಲಿ. ಫಿಲ್ಟರಿನಿಂದ ಬರೋ ರಬ್ಬರ್ ಪೈಪ್ ಬಿಚ್ಚು. ಚಕ್ರ ತಿರುವಿ ತಟ್ಟಿ ತೆರೆದ್ರ ಅಂಚಿನ ಸುತ್ತ ಡಾಂಬರಿನಂಥಾ ಕಪ್ಪು ಉಂಗುರ ಕಾಣ್ತದ. ಎಂಜಿನ್ ಒಳಗಿನ ಎಣ್ಣಿ ಹೊಗಿ ವಾಪಸ್ ಇಲ್ಲಿಗೇ ಬರ್ತದ, ಅದು ಒಣಗಿ ಅಂಟು ಆಗ್ತದ. ಥ್ರಾಟಲ್ ಬಾಡಿ ಕ್ಲೀನರ್ ಅಂತೇ ಕೇಳಿ ತೊಗೋ. ಅದನ್ನ ಬಟ್ಟಿಗಿ ಹೊಡ್ಕೊಂಡು ಒರಸು, ಒಳಗ ಸುರೀಬ್ಯಾಡ. ಸೆನ್ಸರ್ ಮ್ಯಾಲ ಬೀಳಬಾರದು. ಪಾಲಿಶ್ ಕಾಗದ, ತಂತಿ ಬ್ರಷ್ ಹಚ್ಚಬ್ಯಾಡ, ಕೆಲವು ತಟ್ಟಿಗಿ ಮ್ಯಾಲ ಲೇಪ ಇರ್ತದ, ಅದು ಹ್ವಾದ್ರ ಮತ್ತ ಬರಲ್ಲ. ಮುಗಿದ ಮ್ಯಾಲ ಮೊದಲ ಸಲ ಸ್ಟಾರ್ಟ್ ಆಗ್ಲಾಕ ಜರಾ ತಡಾ ಆಗ್ತದ, ಸ್ವಲ್ಪ ಹೊತ್ತು ಐಡಲ್ ಏರಿಳೀತದ, ಗಾಬರಿ ಬೀಳಬ್ಯಾಡ.

ಜಿಡ್ಡು ಭಾಳ ಜಲ್ದಿ ಮತ್ತ ಕುಂತ್ರ ಎಂಜಿನ್ ಹೊಗಿ ಎಳಿಯೋ ಪಿಸಿವಿ ವಾಲ್ವ್ ನೋಡಿಸು. ಫಿಲ್ಟರ್ ಡಬ್ಬಿ ಮುಚ್ಚಳದ ರಬ್ಬರ್ ಸೈತ.


ಫರಹತಾಬಾದ್ ದಾರಿ
ಮೂರು ವಾರದ ಮ್ಯಾಲ, ಶನಿವಾರ ಸಂಜಿ 5:50

ಹೊಸಾ ವೈರ್ ಹಾಕಿ ಹದಿನೆಂಟು ದಿನ ಆಯ್ತು. ಟ್ಯಾಗ್ ಕತ್ತರಿಸಿ ಒಗದ್ವಿ, ಸ್ಪ್ರಿಂಗ್ ತಗದ್ವಿ. ವೈರಿಗಿ ನಾನ್ನೂರರ ಮ್ಯಾಲ ಸ್ವಲ್ಪ ಬಿತ್ತು, ಕೆಲಸ ನಾವೇ ಮಾಡಿದ್ವಿ. ಎರಡು ತಾಸು ಹಿಡೀತು, ಪೆಡಲ್ ಕಡಿ ಗುಂಡು ಕೂಡಿಸ್ಲಾಕೇ ಒಂದು ತಾಸು. ತಲಿ ಕೆಳಗ ಮಾಡಿ ಮಲಗಿ ಮಾಡ್ಬೇಕಾಯ್ತು.

ಪೆಡಲ್ ಎಷ್ಟು ಹಗುರ ಆಗ್ಯದ ಅಂದ್ರ ಮೊದಲ ದಿನ ಕಾಲಿಗಿ ಲೆಕ್ಕ ಸಿಗಲಿಲ್ಲ. ಶಾಲಿಗಿ ಹೊರಡೋಕಿಂತ ಮೊದಲು ಈಗ ದಿನಾ ಎಂಜಿನ್ ಬಂದ್ ಇದ್ದಾಗ ಎರಡು ಸಲ ಪೂರಾ ಒತ್ತಿ ಬಿಡ್ತೀನಿ, ಸಪ್ಪಳ ಕೇಳ್ತೀನಿ. ನಮ್ಮವರು ಸೈತ ಕಲ್ತಾರ. ಬಾಜೂಕ ಕುಂತು ಬರೋ ಟೀಚರ್ ಮೊನ್ನೆ ಸೇತುವೆ ಬಂದಾಗ ಮತ್ತ ರಟ್ಟಿ ಹಿಡದ್ರು, ಆಮ್ಯಾಲ ಬಿಟ್ರು.


ಬೀದರ ಮೇಷ್ಟ್ರು
ಶನಿವಾರ, ರಾತ್ರಿ 8:10

ಮೇಡಂ, ತುಂಬಾ ಸಂತೋಷ. ಹಳೆಯ ವೈರ್ ಎಸೆದುಬಿಟ್ಟಿರೇನು? ಇದ್ದರೆ ನನಗೆ ಬೇಕಿತ್ತು. ತರಗತಿಯಲ್ಲಿ ಚಿತ್ರ ಬರೆದು ತೋರಿಸ್ತೀನಿ, ಆದರೆ ಆ ಕರಕರ ಹುಡುಗರ ಬೆರಳಿಗೇ ಸಿಗಬೇಕು.


ಫರಹತಾಬಾದ್ ದಾರಿ
ಶನಿವಾರ, ರಾತ್ರಿ 8:25

ಒಗದಿಲ್ರಿ ಸರ, ಗ್ರೀಸ್ ಒರಸಿ ಹಳೇ ಟಿಫಿನ್ ಡಬ್ಬಿಯಾಗ ಸುತ್ತಿ ಇಟ್ಟೀನಿ. ಕಡದ ಎಳಿ ಇದ್ದ ಜಾಗಕ್ಕ ಕೆಂಪು ದಾರ ಕಟ್ಟೀನಿ, ಹುಡುಗರು ಚುಚ್ಚಿಸಿಕೊಳ್ಳಬಾರದು ಅಂತ. ಸೋಮವಾರ ಮುಂಜಾನಿ ಬೀದರ ಬಸ್ಸಿಗಿ ಪಾರ್ಸಲ್ ಹಾಕ್ತೀನಿ.